ಒಬ್ಬನ ಪ್ರದರ್ಶನ, ಹಲವರ ಕೈ

ಹೆಸರಿನಲ್ಲಿಯೇ ‘ಚಿತ್ರ’ವನ್ನು ಹೊತ್ತುಕೊಂಡ ಊರುಗಳು ನಮ್ಮ ನಾಡಿನಲ್ಲಿ ಹೆಚ್ಚಿಲ್ಲ. ಚಿತ್ರಕಲ್ಲುದುರ್ಗವೆಂದರೂ ಸರಿ, ಚಿತ್ರದುರ್ಗವೆಂದರೂ ಸರಿ, ನಾಲಗೆ ಹೊರಳದ ಇಂಗ್ಲಿಷರು ಚಿತಲ್‌ಡ್ರೂಗ್ ಎಂದು ಬರೆದುಕೊಂಡರೂ ಸರಿ, ಆ ಮಾತಿನಲ್ಲಿ ಕಣ್ಣಿಗೆ ಹಬ್ಬವಾಗುವ ಏನೋ ಒಂದು ಇದೆಯೆಂದು ಹೆಸರಿಟ್ಟವರು ಸೂಚಿಸಿದ್ದಾರೆ. ಅವರ ಮನಸ್ಸಿನಲ್ಲಿದ್ದ ಚಿತ್ರ ಬಂಡೆಗಳದು. ನಿಸರ್ಗವೇ ಅಟ್ಟಿಯಿಟ್ಟ ಕಲ್ಲಿನದು. ಆದರೂ ನನ್ನಂತಹ ಕನ್ನಡದ ಮೇಷ್ಟರಿಗೆ ಶಬ್ದವೊಂದು ಕಂಡರೆ ಅದನ್ನು ಹಿಡಿದು ಜಗ್ಗುವ ಚಟ. ಈ ದುರ್ಗದಲ್ಲಿ, ಇದರ ನೆರೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ, ಕೈಯಿಂದ ಬರೆದ ಚಿತ್ರದ ಗತಿಯೇನು? ಅದನ್ನು ಬರೆದವರಾರು? ನೋಡಿದವರಾರು?

ಈ ಪ್ರಶ್ನೆ ಈಚೆಗೆ ಬೇರೊಂದು ಕಾರಣದಿಂದ ನನಗೆ ಮುಖ್ಯವೆನಿಸತೊಡಗಿದೆ. ಬೆಂಗಳೂರಿನ ಪತ್ರಿಕೆಗಳಲ್ಲಿ ವಾರವಾರವೂ ‘ಏಕವ್ಯಕ್ತಿ ಕಲಾ ಪ್ರದರ್ಶನ’ ಎಂಬ ಸುದ್ದಿ ಕಾಣಬರುತ್ತದೆ. ಕಲಾವಿದನ ಹೆಸರಿನ ಹಿಂದೆ ‘ಬಹುಶಿಸ್ತೀಯ’ ಎಂಬ ವಿಶೇಷಣವೂ ಸೇರಿಕೊಂಡಿರುತ್ತದೆ. ಚಿತ್ರ, ಶಿಲ್ಪ, ಛಾಯಾಚಿತ್ರ, ಧ್ವನಿ, ದಾರ, ಮಣ್ಣು, ಎಲ್ಲವನ್ನೂ ಒಬ್ಬನೇ ಬಳಸುತ್ತಾನೆಂದು ಅದರ ಅರ್ಥ. ನಮ್ಮ ಸೀಮೆಯ ಓದುಗ ಆ ಸುದ್ದಿಯನ್ನು ಓದಿ, ಇದು ತನಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವುತ್ತಾನೆ. ಹಾಗೆ ತಿರುವಿಬಿಡುವುದು ನಷ್ಟವೆಂದು ನನ್ನ ಎಣಿಕೆ. ಏಕೆಂದರೆ ಈ ಸಂಗತಿಯ ಒಂದು ಬೇರು ಹಿರಿಯೂರು ತಾಲ್ಲೂಕಿನ ಹರ್ತಿಕೋಟೆ ಎಂಬ ಹಳ್ಳಿಯಲ್ಲಿದೆ. ಅಲ್ಲಿಗೆ ಹೋಗುವ ಮುನ್ನ ಸ್ವಲ್ಪ ಸುತ್ತು ಬಳಸಿ ಬರೋಣ.

ದುರ್ಗದ ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಕದಂಬ ಮಯೂರಶರ್ಮನ ಶಾಸನ ಅಲ್ಲಿದೆ. ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ, ಮಾರ್ಟಿಮರ್ ವ್ಹೀಲರ್ ಅವರು 1947ರಲ್ಲಿ ಅಲ್ಲಿ ಅಗೆತ ನಡೆಸಿದರು. ಶಾತವಾಹನರ ನಾಣ್ಯ, ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯ ದೊರೆತುವೆಂದು ಎಲ್ಲರೂ ಬರೆದರು. ಅವುಗಳ ಜೊತೆಗೆ ಸಿಕ್ಕಿದ ಮಡಕೆಯ ಚೂರುಗಳ ಕಡೆ ಸಾಮಾನ್ಯ ಓದುಗರ ಗಮನ ಹೋಗಲಿಲ್ಲ. ಕೆಮ್ಮಣ್ಣಿನ ಲೇಪವುಳ್ಳ ಆ ಮಡಕೆಗಳ ಮೇಲೆ ಬಿಳಿಯ ಗೆರೆಗಳಿವೆ. ಒಂದರ ಮಗ್ಗುಲಲ್ಲಿ ಒಂದು, ಅಡ್ಡ, ಓರೆ, ಜಾಲರಿಯಂತೆ ಎಳೆದ ಗೆರೆಗಳು. ನೀರು ತುಂಬುವುದಕ್ಕೆ ಆ ಗೆರೆ ಬೇಕಿರಲಿಲ್ಲ. ಅನ್ನ ಬೇಯುವುದಕ್ಕೂ ಬೇಕಿರಲಿಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಯಾವುದೋ ಕೈ, ಬೇಕಿಲ್ಲದ ಆ ಗೆರೆಯನ್ನು ಎಳೆಯಿತು. ರೋಮಿನ ನಾಣ್ಯದ ಮೇಲೆ ಚಕ್ರವರ್ತಿಯ ಹೆಸರಿದೆ. ಮಡಕೆಯ ಮೇಲೆ ಯಾರ ಹೆಸರೂ ಇಲ್ಲ.

ಹೆಸರಿಲ್ಲದ ಈ ಪರಂಪರೆ ಅಲ್ಲಿಂದ ಮುಂದಕ್ಕೆ ಹರಿದಿದೆ. ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಮಂಟಪದಲ್ಲಿ ನಿಂತು ತಲೆಯೆತ್ತಿದರೆ ಚಾವಣಿಯ ಮೇಲೆ ಪುರಾಣ ಪ್ರಸಂಗಗಳ ವರ್ಣಚಿತ್ರಗಳು ಕಾಣುತ್ತವೆ. ಹೊಳಲ್ಕೆರೆಯ ದೊಡ್ಡ ಗಣಪತಿ ಬಯಲನ್ನೇ ಗುಡಿ ಮಾಡಿಕೊಂಡು, ಬಿಸಿಲು ಮಳೆಯೆನ್ನದೆ ದಾರಿಹೋಕರೆಲ್ಲರಿಗೂ ಮುಖ ತೋರಿದ ದೇವರು. ಸುಗ್ಗಿಯಾದ ಮೇಲೆ ಬಯಲುಸೀಮೆಯ ಊರೂರಿಗೂ ತೊಗಲುಗೊಂಬೆಯವರು ಬರುತ್ತಿದ್ದರು. ತೊಗಲನ್ನು ಹದಮಾಡಿ, ಕೆತ್ತಿ, ಬಣ್ಣ ಹಾಕಿ, ದೀಪದ ಮುಂದೆ ಹಿಡಿದು, ಹಾಡಿ, ಮಾತಾಡಿ, ರಾತ್ರಿ ಬೆಳಗಾಗುವತನಕ ರಾಮಾಯಣ ನಡೆಸುತ್ತಿದ್ದರು. ಚಿತ್ರಕಾರ, ಗಾಯಕ, ನಟ, ನಿರ್ದೇಶಕ ಎಲ್ಲವೂ ಒಂದೇ ಮನೆತನ. ‘ಬಹುಶಿಸ್ತೀಯ’ ಎಂಬ ಮಾತು ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಮುಂಚೆ ಅವರು ಹಾಗಿದ್ದರು. ಹರಿದು ಹಳತಾದ ಗೊಂಬೆಯನ್ನು ಹೊಳೆಯ ನೀರಿಗೆ ಬಿಡುವ ಪದ್ಧತಿ ಅವರಲ್ಲಿತ್ತು. ಕಲಾಕೃತಿಗೂ ಒಂದು ಆಯುಷ್ಯವಿದೆ, ತೀರಿದ ಮೇಲೆ ಅದಕ್ಕೆ ಒಂದು ಸಂಸ್ಕಾರವಾಗಬೇಕು ಎಂಬ ಭಾವನೆ ಅದು. ಈ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇಷ್ಟೆಲ್ಲ ಇದ್ದರೂ, ಒಬ್ಬ ಮನುಷ್ಯ ತಾನು ಬರೆದದ್ದನ್ನೆಲ್ಲ ಒಂದು ಕೋಣೆಯಲ್ಲಿ ತೂಗುಹಾಕಿ ‘ಇದು ನಾನು, ಬಂದು ನೋಡಿ’ ಎನ್ನುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಯುರೋಪಿನಲ್ಲಿ ಕೂಡ ಅದು ಬಹಳ ಹಳೆಯದೇನೂ ಅಲ್ಲ. 1855ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಮಹಾಪ್ರದರ್ಶನಕ್ಕೆ ಗುಸ್ತಾವ್ ಕೂರ್ಬೆ ಕಳುಹಿಸಿದ ದೊಡ್ಡ ಚಿತ್ರಗಳನ್ನು ತೀರ್ಪುಗಾರರು ನಿರಾಕರಿಸಿದರು. ಆತ ಸುಮ್ಮನಿರದೆ, ಅದರ ಪಕ್ಕದಲ್ಲಿಯೇ ಸ್ವಂತ ಮಂಟಪವೊಂದನ್ನು ಕಟ್ಟಿಸಿ, ಸುಮಾರು 40 ಚಿತ್ರಗಳನ್ನಿಟ್ಟು, ಬಾಗಿಲಲ್ಲಿ ಕಾಸು ಪಡೆದು ಜನರನ್ನು ಒಳಗೆ ಬಿಟ್ಟ. ಏಕವ್ಯಕ್ತಿ ಪ್ರದರ್ಶನದ ಚರಿತ್ರೆಯಲ್ಲಿ ಇದು ಹೆಸರಾದ ಘಟನೆ. ಅದರ ಹಿಂದೆ ಹಟವಿದೆ, ಅಭಿಮಾನವಿದೆ, ‘ನನ್ನನ್ನು ಅಳೆಯಲು ನೀವಾರು’ ಎಂಬ ಕೇಳ್ಕೆಯಿದೆ. ಮುಂದೆ ನಮ್ಮ ದೇಶದ ಇಬ್ಬರು ಅದೇ ದಾರಿಯಲ್ಲಿ ನಡೆದರು. ಕವಿ ರವೀಂದ್ರನಾಥ ಠಾಕೂರರು ಅರುವತ್ತೊಂಬತ್ತರ ವಯಸ್ಸಿನಲ್ಲಿ, 1930ರಲ್ಲಿ, ತಮ್ಮ ಚಿತ್ರಗಳನ್ನು ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ ಜಗತ್ತಿನ ಮುಂದಿಟ್ಟರು. ಅಮೃತಾ ಶೇರ್‌ಗಿಲ್ 1937ರಲ್ಲಿ ಲಾಹೋರಿನ ಒಂದು ಹೋಟೆಲಿನಲ್ಲಿ ತನ್ನ ಪ್ರದರ್ಶನ ನಡೆಸಿದಳು. ಕವಿಗೆ ಚಿತ್ರಕಾರನಾಗುವ ಹಕ್ಕು, ಹೆಣ್ಣಿಗೆ ಒಬ್ಬಳೇ ನಿಲ್ಲುವ ಹಕ್ಕು, ಇವು ಆ ಗೋಡೆಗಳ ಮೇಲೆ ಸ್ಥಾಪಿತವಾದುವು.

ಇಲ್ಲಿ ಒಂದು ಶಬ್ದದ ತಮಾಷೆಯನ್ನು ಹೇಳದೆ ಮುಂದೆ ಹೋಗಲಾರೆ. ‘ಗ್ಯಾಲರಿ’ ಎಂಬ ಮಾತು ಕನ್ನಡಕ್ಕೆ ಮೊದಲು ಬಂದದ್ದು ನಾಟಕ ಕಂಪನಿಗಳ ಮೂಲಕ. ಕಂಪನಿ ನಾಟಕದಲ್ಲಿ ಗ್ಯಾಲರಿಯೆಂದರೆ ಕಡಮೆ ದರದ ಜಾಗ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಹಲಗೆಯ ಮೇಲೆ ಬಡವರು ಕೂತು ಸಿಳ್ಳೆ ಹಾಕುತ್ತಿದ್ದ ಜಾಗ. ಅಲ್ಲಿ ಗ್ಯಾಲರಿ ಗದ್ದಲ ಮಾಡಿದರೆ ನಟ ಗೆದ್ದ. ಚಿತ್ರಕಲೆಯ ಗ್ಯಾಲರಿಯಲ್ಲಾದರೋ ಎಲ್ಲರೂ ಪಿಸುಮಾತು. ಚಪ್ಪಲಿಯ ಸದ್ದು ಕೇಳಿದರೂ ಸಂಕೋಚ. ಒಂದೇ ಮಾತು ಒಂದು ಕಡೆ ಜನಸಾಮಾನ್ಯರನ್ನು ಕರೆಯಿತು, ಇನ್ನೊಂದು ಕಡೆ ಅವರನ್ನು ಬಾಗಿಲಲ್ಲೇ ತಡೆಯಿತು. ಆ ಕಂಪನಿಗಳ ಹಿಂದಿನ ಪರದೆಗಳ ಮೇಲೆ ಅರಮನೆ, ಕಾಡು, ಕೈಲಾಸಗಳನ್ನು ಬರೆದ ಚಿತ್ರಕಾರರ ಕೆಲಸವನ್ನು ಒಂದೊಂದು ರಾತ್ರಿಗೆ ಸಾವಿರ ಜನ ನೋಡಿದರು. ಅವರ ಹೆಸರನ್ನು ಕೇಳಿದವರು ಎಷ್ಟು ಮಂದಿ?

ಮೈಸೂರು ಸೀಮೆಯಲ್ಲಿ ಚಿತ್ರಕಾರನಿಗೆ ಹೆಸರು ದೊರೆತ ಕಥೆಯಲ್ಲಿ ಕೆ. ವೆಂಕಟಪ್ಪನವರದು ದೊಡ್ಡ ಅಧ್ಯಾಯ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಬಂದು, ಉದಕಮಂಡಲದ ಮಂಜನ್ನು ಜಲವರ್ಣದಲ್ಲಿ ಹಿಡಿದು, ಗಚ್ಚಿನಲ್ಲಿ ಉಬ್ಬುಶಿಲ್ಪ ಮಾಡಿ, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತವರು ಅವರು. ಅವರೂ ಒಂದೇ ಶಿಸ್ತಿಗೆ ಕಟ್ಟುಬಿದ್ದವರಲ್ಲ. 1965ರಲ್ಲಿ ಅವರು ತೀರಿಕೊಂಡ ಮೇಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಕಟ್ಟಲ್ಪಟ್ಟು 1975ರಲ್ಲಿ ತೆರೆಯಿತು. ಸರ್ಕಾರದ ಕಟ್ಟಡವಾದ್ದರಿಂದ ಬಾಡಿಗೆ ಕಡಮೆ. ಜಿಲ್ಲೆಗಳಿಂದ ಬಂದ, ಹಣವಿಲ್ಲದ, ಹೆಸರಿಲ್ಲದ ಎಷ್ಟೋ ತರುಣರು ತಮ್ಮ ಮೊದಲ ಪ್ರದರ್ಶನವನ್ನು ಅಲ್ಲಿ ನಡೆಸಿದರು. ಆ ಚಿತ್ರಶಾಲೆಯ ನಿರ್ವಹಣೆಯನ್ನು ಖಾಸಗಿಯವರಿಗೆ ಒಪ್ಪಿಸುವ ಮಾತು ಬಂದಾಗ 2016ರಲ್ಲಿ ಕಲಾವಿದರು ಒಗ್ಗಟ್ಟಾಗಿ ಪ್ರತಿಭಟಿಸಿದರು. ಗೋಡೆಯೊಂದಕ್ಕಾಗಿ ಏಕಿಷ್ಟು ರಂಪವೆಂದು ಕೆಲವರು ಕೇಳಿರಬಹುದು. ಕೂರ್ಬೆಯ ಕೈಯಲ್ಲಿ ಮಂಟಪ ಕಟ್ಟಿಸುವಷ್ಟು ಹಣವಿತ್ತು. ಎಲ್ಲರ ಕೈಯಲ್ಲಿಯೂ ಇರುವುದಿಲ್ಲ. ಗೋಡೆಯಿಲ್ಲದವನಿಗೆ ಹೆಸರೂ ಇಲ್ಲವೆಂಬುದು ಅವರಿಗೆ ಅನುಭವದಿಂದ ತಿಳಿದಿತ್ತು.

ಈಗ ಹರ್ತಿಕೋಟೆಗೆ ಬರೋಣ. ಪಿ. ಆರ್. ತಿಪ್ಪೇಸ್ವಾಮಿಯವರು 1922ರಲ್ಲಿ ಅಲ್ಲಿ ಹುಟ್ಟಿದರು, 2000ದಲ್ಲಿ ತೀರಿಕೊಂಡರು. ಕಲಾವಲಯದಲ್ಲಿ ಅವರು ನಿಸರ್ಗ ಚಿತ್ರಗಳಿಗೆ ಹೆಸರಾದವರು. ಅಷ್ಟೇ ಮಾಡಿದ್ದರೂ ಅವರಿಗೆ ಕಲಾವಿದರ ಸಾಲಿನಲ್ಲಿ ಒಂದು ಪೀಠ ಇರುತ್ತಿತ್ತು. ಆದರೆ ಅವರು ಇನ್ನೊಂದು ಕೆಲಸಕ್ಕೆ ಕೈಯಿಟ್ಟರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ಅದರ ಹಿಂದೆ ದೇ. ಜವರೇಗೌಡರ ಉತ್ಸಾಹವಿತ್ತು, ಜೀ. ಶಂ. ಪರಮಶಿವಯ್ಯನವರ ವಿದ್ವತ್ತಿತ್ತು, ವಸ್ತುವನ್ನು ಕಂಡು, ಅದರ ಚೆಲುವನ್ನು ಅಳೆದು, ಎಲ್ಲಿ ಹೇಗೆ ಇಟ್ಟರೆ ಅದು ಮಾತಾಡೀತೆಂದು ಬಲ್ಲ ಕಣ್ಣು ತಿಪ್ಪೇಸ್ವಾಮಿಯವರದು. 1905ರಲ್ಲಿ ರಾಜಕುಮಾರಿಗಾಗಿ ಕಟ್ಟಿಸಿದ ಜಯಲಕ್ಷ್ಮೀವಿಲಾಸ ಅರಮನೆ ಆ ಸಂಗ್ರಹಕ್ಕೆ ಮನೆಯಾಯಿತು. ಅಲ್ಲಿ ಸೇರಿದ ವಸ್ತುಗಳು 6500ಕ್ಕೂ ಹೆಚ್ಚು. ತೊಗಲುಗೊಂಬೆ, ಸೋಮನ ಮುಖ, ಯಕ್ಷಗಾನದ ಕಿರೀಟ, ಹಗೇವು ಕಣಜಗಳ ಕಾಲದ ಅಳತೆಯ ಪಾತ್ರೆ, ನೇಗಿಲು, ಕುಂಟೆ, ಒನಕೆ, ದೀಪ, ಬುಟ್ಟಿ. ರಾಜಕುಮಾರಿಯ ಪಡಸಾಲೆಗೆ ಒಕ್ಕಲಗಿತ್ತಿಯ ಒನಕೆ ನಡೆದುಬಂದಿತು.

ಇದನ್ನು ನಾನು ತಿಪ್ಪೇಸ್ವಾಮಿಯವರ ಅತಿ ದೊಡ್ಡ ಪ್ರದರ್ಶನವೆಂದು ಕರೆಯುತ್ತೇನೆ. ಹೀಗೆನ್ನುವುದು ಅತಿಶಯೋಕ್ತಿಯೆಂದು ವಿದ್ವಾಂಸರು ಆಕ್ಷೇಪಿಸಬಹುದು. ವಸ್ತುಸಂಗ್ರಹಾಲಯ ಬೇರೆ, ಕಲಾಪ್ರದರ್ಶನ ಬೇರೆ. ಒಂದು ಶಾಸ್ತ್ರದ್ದು, ಇನ್ನೊಂದು ಸ್ವಂತ ಸೃಷ್ಟಿಯದು ಎಂದು ಅವರು ಹೇಳಿಯಾರು. ಅದಕ್ಕೆ ನನ್ನ ಉತ್ತರವಿಷ್ಟೆ. ಹಳ್ಳಿಯ ಹಿತ್ತಲಲ್ಲಿ ಮಳೆಗೆ ನೆನೆಯುತ್ತ ಬಿದ್ದಿದ್ದ ಮರದ ಗೊಂಬೆಯನ್ನು ‘ಇದು ನೋಡತಕ್ಕದ್ದು’ ಎಂದು ಆರಿಸಿ ಎತ್ತುವುದು ಚಿತ್ರಕಾರನ ಕೆಲಸವೇ. ಬೆಟ್ಟದ ಸಾಲಿನಲ್ಲಿ ಯಾವ ಬೆಟ್ಟ ಹಾಳೆಯೊಳಗೆ ಬರಬೇಕು, ಯಾವುದು ಹೊರಗಿರಬೇಕು ಎಂದು ನಿಸರ್ಗ ಚಿತ್ರಕಾರ ಗಳಿಗೆಗಳಿಗೆಗೂ ನಿರ್ಣಯಿಸುತ್ತಾನೆ. ತಿಪ್ಪೇಸ್ವಾಮಿಯವರು ಅದೇ ನಿರ್ಣಯವನ್ನು ಒಂದು ನಾಡಿನ ಬದುಕಿನ ಮೇಲೆ ಮಾಡಿದರು. ಭೇದ ಇಷ್ಟೇ: ಕೂರ್ಬೆ ತನ್ನ ಮಂಟಪದಲ್ಲಿ ತನ್ನ ಹೆಸರನ್ನು ನೆಟ್ಟ, ಹರ್ತಿಕೋಟೆಯ ಕಲಾವಿದ ತನ್ನ ಕಣ್ಣನ್ನು ಕೊಟ್ಟು, ಗೋಡೆಯನ್ನು ಹೆಸರಿಲ್ಲದವರಿಗೆ ಬಿಟ್ಟ.

ಆದರೂ ಒಂದು ಮುಳ್ಳು ಉಳಿಯುತ್ತದೆ. ಹೊಳೆಗೆ ಸೇರಬೇಕಾಗಿದ್ದ ತೊಗಲುಗೊಂಬೆ ಗಾಜಿನ ಪೆಟ್ಟಿಗೆಗೆ ಸೇರಿತು. ಆಡಿಸುವ ಕೈಯಿಲ್ಲ, ಹಿಂದೆ ದೀಪವಿಲ್ಲ, ಹಾಡಿಲ್ಲ. ಉಳಿಯಿತೆನ್ನೋಣವೇ, ಸತ್ತಿತೆನ್ನೋಣವೇ? ನಾನು ಈ ಪ್ರಶ್ನೆಯನ್ನು ಬಹಳ ಸಲ ತೂಗಿ ನೋಡಿದ್ದೇನೆ. ಗೊಂಬೆಯವರ ಮನೆತನಗಳು ಬೇರೆ ಕಸುಬಿಗೆ ತಿರುಗುತ್ತಿದ್ದಾಗ, ಸಿನಿಮಾ ಟೆಂಟು ಊರೂರಿಗೂ ಬಂದು ಅವರ ರಾತ್ರಿಗಳನ್ನು ಕಸಿದುಕೊಂಡಾಗ, ಆ ಗೊಂಬೆಗಳ ಮುಂದಿದ್ದದ್ದು ಹೊಳೆಯೂ ಅಲ್ಲ, ಹಾಡೂ ಅಲ್ಲ. ಅಟ್ಟದ ಇಲಿ, ಇಲ್ಲವೆ ಹಳೆಯ ಸಾಮಾನು ಕೊಳ್ಳುವ ದಲ್ಲಾಳಿ. ಅಂಥ ಹೊತ್ತಿನಲ್ಲಿ ಗಾಜಿನ ಪೆಟ್ಟಿಗೆಯೇ ದಯೆ. ಆದರೆ ದಯೆಗೂ ನ್ಯಾಯಕ್ಕೂ ಅಂತರವುಂಟು. ಗೊಂಬೆಯ ಕೆಳಗಿನ ಚೀಟಿಯಲ್ಲಿ ವಸ್ತುವಿನ ಹೆಸರೊಂದಿಗೆ ಮಾಡಿದವನ ಹೆಸರೂ ಬೀಳುವ ದಿನ ಬರಬೇಕಾಗಿತ್ತು. ನಮ್ಮ ನಾಡಿನ ವಸ್ತುಸಂಗ್ರಹಾಲಯಗಳಲ್ಲಿ ಆ ದಿನ ಅಪರೂಪವಾಗಿಯೇ ಬಂದಿದೆ.

ಇನ್ನು ಇಂದಿನ ಗ್ಯಾಲರಿಗೆ ಹೋಗೋಣ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಅವರು ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನುಗಳಲ್ಲಿ ಕಲಿತವರು. ಮೊದಲು ತೈಲವರ್ಣದ ಚಿತ್ರಕಾರ್ತಿ. 1990ರ ದಶಕದಲ್ಲಿ ಕ್ಯಾನ್ವಾಸನ್ನು ಬಿಟ್ಟು ಸೆಗಣಿ, ಕುಂಕುಮ, ದಾರ, ಸೂಜಿಗಳನ್ನು ಕೈಗೆತ್ತಿಕೊಂಡರು. ನೂರಾರು ಸೂಜಿಗಳಲ್ಲಿ ದಾರ ಪೋಣಿಸಿ, ಅದಕ್ಕೆ ಕುಂಕುಮ ಹಚ್ಚಿ ಹುರಿಮಾಡಿ, ಕೆಂಪು ಹಗ್ಗವಾಗಿಸಿ ಗೋಡೆಯ ಮೇಲೂ ನೆಲದ ಮೇಲೂ ಹರಿಯಬಿಟ್ಟ ಅವರ ಒಂದು ಕೃತಿ 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ಮಹಾಪ್ರದರ್ಶನದಲ್ಲಿತ್ತು. 2009ರಲ್ಲಿ ವೆನಿಸ್ಸಿನಲ್ಲಿ ಮನುಷ್ಯರ ಕೂದಲಿನ ಹಗ್ಗಗಳಿಂದ ಮೋಟಾರು ಕಾರುಗಳ ಬಂಪರುಗಳನ್ನು ತೂಗುಹಾಕಿದರು. ಲಾರಿಯ ಮೂತಿಗೆ ದೃಷ್ಟಿ ತಾಗದಿರಲೆಂದು ಕೂದಲಿನ ಹಗ್ಗ ಕಟ್ಟುವುದನ್ನು ಬೆಂಗಳೂರಿನಿಂದ ದುರ್ಗದ ಹೆದ್ದಾರಿಯಲ್ಲಿ ಓಡಾಡಿದವರೆಲ್ಲ ಬಲ್ಲರು. 2019ರಲ್ಲಿ ಇಟಲಿಯ ಮಿಲಾನಿನಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ನಡೆಯಿತು.

ಇಂಥ ಕೃತಿಯ ಸುದ್ದಿ ಕೇಳಿದಾಗ ನಮ್ಮವರು ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ‘ಸೆಗಣಿಯಲ್ಲೇನು ಕಲೆ? ನಮ್ಮಜ್ಜಿ ದಿನಾ ಬೆಳಗ್ಗೆ ಸಾರಿಸುತ್ತಿದ್ದಳು’ ಎಂಬುದೊಂದು. ‘ಹೊರದೇಶದವರು ಮೆಚ್ಚಿದ್ದಾರೆ, ಏನೋ ಇರಬೇಕು’ ಎಂಬುದು ಇನ್ನೊಂದು. ಎರಡೂ ನೋಡುವ ಶ್ರಮವನ್ನು ತಪ್ಪಿಸಿಕೊಳ್ಳುವ ಮಾತುಗಳು. ಅಜ್ಜಿ ಸಾರಿಸಿದ್ದು ನಿಜ. ಸಾರಿಸಿದ ನೆಲದ ಮೇಲೆ ಎಳೆ ತಪ್ಪದಂತೆ ರಂಗೋಲಿ ಬಿಟ್ಟದ್ದೂ ನಿಜ. ಆದರೆ ಆ ಕೆಲಸವನ್ನು ಅವಳು ಪ್ರಶ್ನಿಸುವಂತಿರಲಿಲ್ಲ. ಆಕೆಯ ಬೆನ್ನುನೋವಿಗೆ ಪ್ರದರ್ಶನವಿರಲಿಲ್ಲ. ಅದೇ ಸೆಗಣಿಯನ್ನು, ಅದೇ ಕುಂಕುಮವನ್ನು ಎತ್ತಿಕೊಂಡು, ಇದರಲ್ಲಿ ಎಷ್ಟು ಭಕ್ತಿ, ಎಷ್ಟು ದುಡಿಮೆ, ಎಷ್ಟು ನೋವು ಸೇರಿದೆಯೆಂದು ನಿಂತು ಕೇಳುವಂತೆ ಮಾಡುವುದು ಗ್ಯಾಲರಿಯ ಕಲಾವಿದೆಯ ಕೆಲಸ. ಅಜ್ಜಿಯಿಲ್ಲದೆ ಈ ಕಲಾವಿದೆಯಿಲ್ಲ. ಈ ಕಲಾವಿದೆಯಿಲ್ಲದೆ ಅಜ್ಜಿಯ ಕೆಲಸ ಕೆಲಸವೆಂದು ಎಣಿಕೆಗೆ ಬರುವುದಿಲ್ಲ. ಮೈಸೂರಿನ ಸಂಗ್ರಹಾಲಯ ವಸ್ತುವನ್ನು ಉಳಿಸಿತು. ಮಿಲಾನಿನ ಪ್ರದರ್ಶನ ವಸ್ತುವಿನ ಒಳಗಿನ ಪ್ರಶ್ನೆಯನ್ನು ಎತ್ತಿತು. ಒಂದು ಇನ್ನೊಂದರ ಮುಂದಿನ ಮೆಟ್ಟಿಲು.

ಹಾಗಾದರೆ ನಮ್ಮ ನಾಲ್ಕು ತಾಲ್ಲೂಕುಗಳ ಪಾಡೇನು? ಹಿರಿಯೂರಿನ ಮಗ ಕಟ್ಟಿದ ಸಂಗ್ರಹ ಮೈಸೂರಿನಲ್ಲಿ. ಸೆಗಣಿ ಕುಂಕುಮಗಳ ಪ್ರದರ್ಶನ ಮಿಲಾನಿನಲ್ಲಿ. ನಡುವೆ ಹೊಸದುರ್ಗದ ಹುಡುಗಿ ನೋಡುವುದು ಕೈಯಳತೆಯ ಫೋನಿನ ಗಾಜಿನಲ್ಲಿ. ದುರ್ಗದ ಕೋಟೆಯನ್ನು ತ. ರಾ. ಸುಬ್ಬರಾಯರು ಕಾದಂಬರಿಗಳಲ್ಲಿ ಕನ್ನಡದ ಮನೆಮನೆಗೆ ತಲುಪಿಸಿದರು. ಅವರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಪುಟ್ಟಣ್ಣ ಕಣಗಾಲರು 1972ರ ‘ನಾಗರಹಾವು’ ಚಿತ್ರದಲ್ಲಿ ಅದನ್ನು ಬೆಳ್ಳಿತೆರೆಗೆ ತಂದರು. ಹುಲ್ಲೂರು ಶ್ರೀನಿವಾಸ ಜೋಯಿಸರು ಶಾಸನ, ಕಡತ, ಹಳೆಯ ಸಾಮಗ್ರಿಗಳನ್ನು ಹುಡುಕಿ ಪಾಳೆಯಗಾರರ ಚರಿತ್ರೆಗೆ ತಳಹದಿ ಹಾಕಿದರು. ಬರಹಗಾರನನ್ನೂ ಸಂಶೋಧಕನನ್ನೂ ಈ ಸೀಮೆ ನೆನೆಯುತ್ತದೆ. ಚಿತ್ರಕಾರನ ಹೆಸರನ್ನು ಕೇಳಿದರೆ ಕಾಲೇಜಿನ ತರಗತಿಯಲ್ಲಿಯೂ ಮೌನ. 2022ಕ್ಕೆ ತಿಪ್ಪೇಸ್ವಾಮಿಯವರು ಹುಟ್ಟಿ ನೂರು ವರ್ಷ ತುಂಬಿತು. ನೂರು ವರ್ಷ ದಾಟಿದ ಮೇಲೂ ಆ ಮೌನ ಮುಂದುವರಿದರೆ ತಪ್ಪು ವಿದ್ಯಾರ್ಥಿಗಳದಲ್ಲ. ಪಾಠ ಹೇಳುವ ನಮ್ಮದು.

ಸಣ್ಣ ಊರಿನಲ್ಲಿ ಇದೆಲ್ಲ ಆಗದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನು ನೋಡಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಆಸಕ್ತಿಯಿಂದ 1987ರಲ್ಲಿ ಅಲ್ಲಿ ಕಲಾಸಂಘ ಹುಟ್ಟಿತು. 1997ರಲ್ಲಿ ‘ಶಿವಸಂಚಾರ’ವೆಂಬ ತಿರುಗಾಟದ ನಾಟಕ ತಂಡ ಹೊರಟಿತು. ಬಯಲು ರಂಗಮಂದಿರದಲ್ಲಿ ನಾಟಕೋತ್ಸವ ನಡೆದಾಗ ಸುತ್ತಲ ಹಳ್ಳಿಗಳ ಒಕ್ಕಲು ಮಕ್ಕಳು ಬಂದು ನಾಟಕ ನೋಡಿ ಹೋಗುತ್ತಾರೆ. ನಾಟಕ ಅವರಿಗೆ ಅರ್ಥವಾಗುತ್ತದೆಯೇ ಎಂದು ಮೊದಲೇ ಅನುಮಾನಿಸಿ ಕೂತಿದ್ದರೆ ಸಾಣೇಹಳ್ಳಿ ಇಂದಿಗೂ ಭೂಪಟದಲ್ಲಿ ಒಂದು ಚುಕ್ಕೆಯಾಗಿಯೇ ಇರುತ್ತಿತ್ತು. ನಾಟಕ ತಿರುಗಾಟ ಮಾಡಬಹುದಾದರೆ ಚಿತ್ರ ಏಕೆ ಮಾಡಬಾರದು? ನಲವತ್ತು ಚಿತ್ರಗಳು ಒಂದು ಸಾಧಾರಣ ವ್ಯಾನಿನಲ್ಲಿ ಹಿಡಿಯುತ್ತವೆ. ಹೊಳಲ್ಕೆರೆಯ ಒಂದು ಪ್ರೌಢಶಾಲೆಯ ಸಭಾಂಗಣ, ಹಿರಿಯೂರಿನ ಒಂದು ಕಲ್ಯಾಣಮಂಟಪ, ದುರ್ಗದ ಒಂದು ಕಾಲೇಜು, ಹೊಸದುರ್ಗದ ಒಂದು ಗ್ರಂಥಾಲಯ: ನಾಲ್ಕು ಕಡೆ ನಾಲ್ಕು ದಿನದಂತೆ ಒಬ್ಬ ಕಲಾವಿದನ ಕೆಲಸವನ್ನು ಇಟ್ಟರೆ, ಪಕ್ಕದಲ್ಲಿ ನಿಂತು ಉತ್ತರಿಸಲು ಆತನನ್ನೂ ಕರೆದರೆ, ಹದಿನಾರು ದಿನಗಳಲ್ಲಿ ಎಷ್ಟು ಜೊತೆ ಕಣ್ಣು ತೆರೆದೀತೆಂದು ಯಾರು ಲೆಕ್ಕ ಹೇಳಬಲ್ಲರು? ಅಲ್ಲಿ ಪಿಸುಮಾತಿನ ಕಟ್ಟಳೆ ಬೇಡ. ಕಂಪನಿ ನಾಟಕದ ಗ್ಯಾಲರಿಯಂತೆ ಸ್ವಲ್ಪ ಗದ್ದಲವಿರಲಿ.

ಇದರ ಜೊತೆಗೆ ಮಾಡಬೇಕಾದ ಕೆಲಸ ಇನ್ನೆರಡಿವೆ. ಎರಡಕ್ಕೂ ಹಣ ಹೆಚ್ಚು ಬೇಡ. ಮೊದಲನೆಯದು, ಜೀರ್ಣೋದ್ಧಾರದ ಹುಮ್ಮಸ್ಸಿನಲ್ಲಿ ಹಳೆಯ ದೇವಾಲಯಗಳ ಚಿತ್ರಗಳ ಮೇಲೆ ಸುಣ್ಣವನ್ನೋ ಹೊಳಪಿನ ಬಣ್ಣವನ್ನೋ ಬಳಿಯದಿರುವುದು. ಭಕ್ತಿಯಿಂದ ಬಳಿದರೂ ಅಳಿದದ್ದು ಅಳಿಯಿತೆ. ಎರಡನೆಯದು, ಇನ್ನೂ ಉಳಿದಿರುವ ಕುಶಲಕರ್ಮಿಗಳ ಹೆಸರುಗಳನ್ನು ಬರೆದಿಡುವುದು. ಕುಂಬಾರ, ಬಡಗಿ, ಗೊಂಬೆಯವರು, ಕಂಬಳಿ ನೇಯುವವರು, ಪರದೆ ಬರೆದವರು, ರಂಗೋಲಿಯ ಎಳೆಯನ್ನು ಬಾಯಿಪಾಠ ಬಲ್ಲ ಮುದುಕಿಯರು. ಪ್ರತಿಯೊಂದು ಕಾಲೇಜಿನ ಕನ್ನಡ ವಿಭಾಗವೂ ವರ್ಷಕ್ಕೊಂದು ಹೋಬಳಿಯಂತೆ ಹಿಡಿದರೆ ಸಾಕು. ಅವರ ಹೆಸರು, ಊರು, ಯಾರಿಂದ ಕಲಿತರು, ಯಾರಿಗೆ ಕಲಿಸಿದರು: ನಾಲ್ಕು ಸಾಲು. ಜಾನಪದ ಗೀತೆಗಳನ್ನು ಸಂಗ್ರಹಿಸಿದ ಹಿರಿಯರು ಹಾಡಿದವರ ಹೆಸರನ್ನು ಬರೆದಿಟ್ಟ ಕಡೆ ಆ ಹಾಡು ಒಬ್ಬ ಮನುಷ್ಯರ ಹಾಡಾಗಿ ಉಳಿದಿದೆ. ಕೈಕೆಲಸಕ್ಕೂ ಅದೇ ಮರ್ಯಾದೆ ಸಲ್ಲಬೇಕು.

ಒಬ್ಬನ ಪ್ರದರ್ಶನವೆಂಬುದು ಪಶ್ಚಿಮದಿಂದ ಬಂದ ಪದ್ಧತಿಯಾದರೂ ಅದರಲ್ಲಿರುವ ಒಂದು ಸತ್ಯವನ್ನು ನಾವು ಕಲಿಯಬೇಕು: ಮಾಡಿದವನಿಗೆ ಹೆಸರಿದೆ, ಆ ಹೆಸರಿನ ಹಿಂದೆ ಒಂದು ಬಾಳಿದೆ. ನಮ್ಮ ಪರಂಪರೆಯಲ್ಲಿರುವ ಇನ್ನೊಂದು ಸತ್ಯವನ್ನು ಗ್ಯಾಲರಿಗಳು ಕಲಿಯಬೇಕು: ನೋಡುವುದಕ್ಕೆ ಎಲ್ಲರಿಗೂ ಬಾಗಿಲು ತೆರೆದಿರಬೇಕು. ಹರ್ತಿಕೋಟೆಯ ತಿಪ್ಪೇಸ್ವಾಮಿಯವರು ಈ ಎರಡನ್ನೂ ಒಂದೇ ಬಾಳಿನಲ್ಲಿ ಕೂಡಿಸಲು ಹೊರಟವರು. ಅವರು ಅರ್ಧಕ್ಕೆ ತಂದ ಕೆಲಸ ಅವರ ತಾಲ್ಲೂಕಿನಲ್ಲಿಯೇ ಮುಂದುವರಿಯಲೆಂದು ಕೇಳುವುದು ದೊಡ್ಡ ಬೇಡಿಕೆಯೇನೂ ಅಲ್ಲ. ಮುಂದಿನ ಶೈಕ್ಷಣಿಕ ವರ್ಷದಲ್ಲಿ ಯಾವುದಾದರೊಂದು ಶಾಲೆ ಒಂದು ಗೋಡೆಯನ್ನು ಬಿಟ್ಟುಕೊಟ್ಟರೂ ಆರಂಭಕ್ಕೆ ಸಾಕು.